ಕಾಲಿಗೆ ಬಡಿಯುವ ಬಿಸಿ: ಸೈಲೆನ್ಸರ್ ಬದಲಿಸಿದರೆ ಬೈಕು ತಣ್ಣಗಾಗುತ್ತದೆಯೇ?

ಏಪ್ರಿಲ್ ತಿಂಗಳ ಮಧ್ಯಾಹ್ನ ಮೈಸೂರಿನಿಂದ ಬೈಕಿನಲ್ಲಿ ಹೊರಟು ಮದ್ದೂರಿನಲ್ಲಿ ಇಳಿಯುವವರನ್ನು ಒಮ್ಮೆ ಗಮನಿಸಿ. ವಡೆಗೆ ಹೇಳುವುದಕ್ಕೂ ಮೊದಲು ಬಗ್ಗಿ, ಬಲಗಾಲಿನ ಪ್ಯಾಂಟನ್ನು ಮೇಲಕ್ಕೆ ಸರಿಸಿ ಮೀನಖಂಡ ಉಜ್ಜಿಕೊಳ್ಳುತ್ತಾರೆ. ದೂರ ಪ್ರಯಾಣಕ್ಕೆಂದೇ ಲಕ್ಷಗಟ್ಟಲೆ ಸುರಿದು ಕೊಂಡ ಬೈಕು ಅರವತ್ತೈದು ಕಿಲೋಮೀಟರಿಗೇ ಕಾಲು ಬೇಯಿಸುವುದೇಕೆ ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಈಗ ಮೊದಲಿಗಿಂತ ಹೆಚ್ಚು ಕೇಳಿಬರುತ್ತಿದೆ.

ಹೆಚ್ಚಾಗಲು ಕಾರಣವೂ ಉಂಟು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಿಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಕಾರುಗಳು ಬೈಪಾಸ್ ಹಿಡಿದು ಹಾರುತ್ತವೆ. ಬೈಕುಗಳು ಸರ್ವಿಸ್ ರಸ್ತೆಯಲ್ಲಿ ಉಬ್ಬುಗಳನ್ನು ಹತ್ತಿಳಿಯುತ್ತ, ಶ್ರೀರಂಗಪಟ್ಟಣ, ಮಂಡ್ಯಗಳ ಊರೊಳಗೆ ಎತ್ತಿನಗಾಡಿ, ಟ್ರ್ಯಾಕ್ಟರ್, ಬಸ್ಸುಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಬೇಕು. ತೊಂಬತ್ತರ ವೇಗಕ್ಕೆ ತಯಾರಾದ ಎಂಜಿನ್ ಮೂವತ್ತರ ವೇಗದಲ್ಲಿ ದಿನ ಕಳೆಯುತ್ತಿದೆ.

ಇದಕ್ಕೆ ಸಿದ್ಧ ಔಷಧ ಒಂದಿದೆ. ‘ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿ, ಟ್ಯೂನಿಂಗ್ ಮಾಡಿಸಿ, ಬೈಕು ತಣ್ಣಗಾಗುತ್ತದೆ’ ಎಂದು ಹೇಳದ ಗ್ಯಾರೇಜಿಲ್ಲ. ಫ್ರೀ ಫ್ಲೋ ಎಂದರೆ ಹೊಗೆಯನ್ನು ಹೆಚ್ಚು ತಡೆಯದೆ ಸರಾಗವಾಗಿ ಹೊರಬಿಡುವ ಸೈಲೆನ್ಸರ್. ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ ಎಂದು ಅಳೆಯಬೇಕಾದರೆ ಬಿಸಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಕಾಲಿಗೆ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ನೂರು ರೂಪಾಯಿ ಪೆಟ್ರೋಲಿನ ಲೆಕ್ಕ

ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದರೆ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುವುದು ಅಂದಾಜು ಇಪ್ಪತ್ತೈದು, ಮೂವತ್ತು ರೂಪಾಯಿಯಷ್ಟು ಮಾತ್ರ. ಸುಮಾರು ಮೂರನೇ ಒಂದು ಪಾಲು ಬಿಸಿ ಅನಿಲವಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಉಳಿದದ್ದು ಎಂಜಿನ್ನಿನ ಗೋಡೆಗೆ, ಆಯಿಲ್‌ಗೆ, ರೇಡಿಯೇಟರಿಗೆ ಇಳಿದು ಅಲ್ಲಿಂದ ಗಾಳಿಗೆ ಸೇರುತ್ತದೆ. ನಾವು ಕೊಂಡುಕೊಳ್ಳುವುದು ಚಲಿಸುವ ಒಲೆಯನ್ನೇ. ಜೊತೆಗೆ ಸ್ವಲ್ಪ ಓಟವೂ ಸಿಗುತ್ತದೆ ಅಷ್ಟೆ.

ಈ ಲೆಕ್ಕದಿಂದಲೇ ತಿಳಿಯುವ ಸಂಗತಿ ಎಂದರೆ, ಕಾಲಿಗೆ ಬಡಿಯುವ ಬಿಸಿಯಲ್ಲಿ ಎರಡು ಜಾತಿ. ಒಂದು ಎಂಜಿನ್ನಿನ ಮೈಯಿಂದ ಮತ್ತು ರೇಡಿಯೇಟರಿನಿಂದ ಬರುವ ಗಾಳಿಯ ಬಿಸಿ. ಇದು ತೊಡೆಗೆ, ಮೊಣಕಾಲಿನ ಒಳಬದಿಗೆ ತಾಗುತ್ತದೆ. ಇನ್ನೊಂದು ಬೆಂಡ್ ಪೈಪಿನಿಂದ, ಅಂದರೆ ಎಂಜಿನ್ನಿನಿಂದ ಹೊರಟು ಸೈಲೆನ್ಸರಿಗೆ ಸೇರುವ ಬಾಗಿದ ಕೊಳವೆಯಿಂದ ಸೂಸುವ ಬಿಸಿ. ಇದು ಮೊಣಕಾಲಿನಿಂದ ಕೆಳಗೆ, ಒಲೆಯ ಮುಂದೆ ಕೂತಾಗ ಮುಖಕ್ಕೆ ಬಡಿಯುವ ಕಾವಿನ ಹಾಗೆ ಬಡಿಯುತ್ತದೆ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಮೈಸೂರಿನ ಹೊರವರ್ತುಲ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹತ್ತು ನಿಮಿಷ ಓಡಿಸಿ. ಓಡುವಾಗ ತೊಂದರೆಯಿಲ್ಲದೆ, ಸಿಗ್ನಲ್‌ನಲ್ಲಿ ನಿಂತ ಒಂದೆರಡು ನಿಮಿಷಕ್ಕೆ ಫ್ಯಾನ್ ಶುರುವಾಗಿ ತೊಡೆ ಸುಡತೊಡಗಿದರೆ ಅದು ರೇಡಿಯೇಟರಿನ ಗಾಳಿ. ಅದು ದೋಷವಲ್ಲ, ಎಂಜಿನ್ ತನ್ನ ಬಿಸಿಯನ್ನು ಹೊರಹಾಕುತ್ತಿರುವ ಗುರುತು. ಆ ಗಾಳಿಯ ದಾರಿಯಲ್ಲಿ ನಿಮ್ಮ ಕಾಲಿದೆ ಎಂಬುದಷ್ಟೇ ಸಮಸ್ಯೆ. ಓಡುವಾಗಲೂ ಮೀನಖಂಡಕ್ಕೆ ಕಾವು ಬರುತ್ತಲೇ ಇದ್ದರೆ ಅದು ಪೈಪಿನದು. ಸೈಲೆನ್ಸರ್, ಟ್ಯೂನಿಂಗ್ ಎಂಬ ಮಾತಿಗೆ ಅರ್ಥ ಬರುವುದು ಈ ಎರಡನೆಯ ಜಾತಿಯ ಬಿಸಿಗೆ ಮಾತ್ರ. ಗ್ಯಾರೇಜಿಗೆ ಹೋಗುವವರಲ್ಲಿ ಹೆಚ್ಚಿನವರು ಈ ಪರೀಕ್ಷೆಯನ್ನೇ ಮಾಡಿರುವುದಿಲ್ಲ. ನಾನೂ ಮಾಡಿರಲಿಲ್ಲ.

ಆಲೆಮನೆಯ ಒಲೆ

ಮಂಡ್ಯದ ಕಡೆಯವರಿಗೆ ಎಂಜಿನ್ ಅರ್ಥ ಮಾಡಿಸಲು ಆಲೆಮನೆಗಿಂತ ಒಳ್ಳೆಯ ಪಾಠವಿಲ್ಲ. ಕೊಪ್ಪರಿಗೆಯ ಕೆಳಗೆ ಒಲೆ. ಬಾಯಿಯ ಬಳಿ ಕೂತವನು ಒಣಗಿದ ಕಬ್ಬಿನ ಸಿಪ್ಪೆಯನ್ನು ಹಿಡಿಹಿಡಿಯಾಗಿ ಒಳಗೆ ತಳ್ಳುತ್ತಿರುತ್ತಾನೆ. ಹಿಂದೆ ಎತ್ತರದ ಚಿಮಣಿ. ಸಿಪ್ಪೆ ಒಮ್ಮೆಗೇ ಹೆಚ್ಚು ತುರುಕಿದರೆ ಗಾಳಿ ಸಾಲದೆ ಚಿಮಣಿಯಲ್ಲಿ ಕಪ್ಪು ಹೊಗೆ ಏಳುತ್ತದೆ, ಉರಿ ಮಂಕಾಗುತ್ತದೆ. ಸಿಪ್ಪೆ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಹೊಗೆ ಕಾಣುವುದಿಲ್ಲ, ಆದರೆ ಕಾವೆಲ್ಲ ಗಾಳಿಯೊಡನೆ ಚಿಮಣಿ ಹತ್ತಿ ಹೋಗುತ್ತದೆ. ಅನುಭವಸ್ಥನು ಆಗಾಗ ತಲೆ ಹೊರಗೆ ಹಾಕಿ ಚಿಮಣಿಯ ತುದಿಯ ಹೊಗೆಯ ಬಣ್ಣ ನೋಡುತ್ತಾನೆ. ಅದರ ಮೇಲೆ ಮುಂದಿನ ಹಿಡಿ ಎಷ್ಟು ಎಂದು ನಿರ್ಧರಿಸುತ್ತಾನೆ.

ಬೈಕಿನಲ್ಲಿ ಆಗುವುದೂ ಇದೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಬಾಯಲ್ಲಿ ಹೇಳಿದರೆ ಸಣ್ಣ ಅಂಕಿ. ಆದರೆ ಒಂದು ಲೀಟರ್ ಪೆಟ್ರೋಲಿಗೆ ಬೇಕಾದ ಗಾಳಿ ನಮ್ಮ ಮನೆಗಳ ಒಂದು ಸಣ್ಣ ಬಚ್ಚಲುಮನೆಯನ್ನು ನೆಲದಿಂದ ಸೂರಿನವರೆಗೆ ತುಂಬುವಷ್ಟಾಗುತ್ತದೆ. ಈ 14.7ಕ್ಕಿಂತ ಗಾಳಿ ಹೆಚ್ಚಾದರೆ ಮೆಕ್ಯಾನಿಕ್‌ಗಳು ‘ಲೀನ್’ ಎನ್ನುತ್ತಾರೆ, ಪೆಟ್ರೋಲ್ ಹೆಚ್ಚಾದರೆ ‘ರಿಚ್’ ಎನ್ನುತ್ತಾರೆ. ಈ ಎರಡು ಪದ ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಸ್ವಲ್ಪ ರಿಚ್ ಆದ ಮಿಶ್ರಣ ತಣ್ಣಗೆ ಉರಿಯುತ್ತದೆ. ಉರಿಯಲು ಗಾಳಿ ಸಿಗದೆ ಉಳಿದ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರುತ್ತದೆ. ಅಂಗೈಗೆ ಪೆಟ್ರೋಲ್ ತಾಗಿದರೆ ತಣ್ಣಗೆನಿಸುವುದು ಇದೇ ಕಾರಣಕ್ಕೆ. ಲೀನ್ ಆದ ಮಿಶ್ರಣದ ಕಥೆ ಬೇರೆ. ‘ಲೀನ್ ಆದರೆ ಬಿಸಿ’ ಎಂಬ ಗ್ಯಾರೇಜಿನ ಮಾತಿನಲ್ಲಿ ಅರ್ಧ ಸತ್ಯವಿದೆ. ತೀರಾ ಲೀನ್ ಆದರೆ ಜ್ವಾಲೆಯ ಕಾವು ವಾಸ್ತವವಾಗಿ ಇಳಿಯುತ್ತದೆ. ಆದರೆ ಉರಿ ನಿಧಾನವಾಗಿ ಹಬ್ಬುವುದರಿಂದ ಹೊರಬಾಗಿಲಿನ ವಾಲ್ವ್ ತೆರೆಯುವ ಹೊತ್ತಿಗೂ ಅದು ಮುಗಿದಿರುವುದಿಲ್ಲ. ಇನ್ನೂ ಉರಿಯುತ್ತಿರುವ ಅನಿಲ ಪೈಪಿಗೆ ನುಗ್ಗುತ್ತದೆ. ಪಿಸ್ಟನ್ನನ್ನು ತಳ್ಳಬೇಕಾದ ಕಾವು ಬೆಂಡ್ ಪೈಪನ್ನು ಕಾಯಿಸುತ್ತದೆ.

ಹಾಗಾದರೆ ಕಂಪನಿಯವರು ಕಾರ್ಖಾನೆಯಲ್ಲೇ ಸ್ವಲ್ಪ ರಿಚ್ ಇಟ್ಟು ಕಳುಹಿಸಬಾರದೇಕೆ? ವಾಹನದ ಹೊಗೆಗೆ ಮಿತಿ ಹಾಕುವ ಬಿ.ಎಸ್.6 ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಬೈಕುಗಳು ಈ ಮಾನದಂಡ ಮುಟ್ಟಲೇಬೇಕು. ಅದಕ್ಕಾಗಿ ಪೈಪಿನಲ್ಲಿ ಒಂದು ಆಮ್ಲಜನಕ ಸೆನ್ಸರ್ ಕೂರಿಸಿದ್ದಾರೆ. ಬೆರಳುದ್ದದ ಈ ಸಾಧನವೇ ನಮ್ಮ ಆಲೆಮನೆಯ ಅನುಭವಸ್ಥ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ, ಅಂದರೆ ಲೀನ್ ಆಗಿದ್ದರೆ, ಸುಮಾರು 0.1 ವೋಲ್ಟ್ ತೋರಿಸುತ್ತದೆ. ಉಳಿದಿಲ್ಲದಿದ್ದರೆ, ಅಂದರೆ ರಿಚ್ ಆಗಿದ್ದರೆ, ಸುಮಾರು 0.9 ವೋಲ್ಟ್. ಅದನ್ನು ನೋಡಿ ಇ.ಸಿ.ಯು, ಅಂದರೆ ಸೀಟಿನಡಿಯಲ್ಲೋ ಟ್ಯಾಂಕಿನಡಿಯಲ್ಲೋ ಇರುವ ಪುಟ್ಟ ಕಂಪ್ಯೂಟರ್ ಪೆಟ್ರೋಲನ್ನು ಒಮ್ಮೆ ಹೆಚ್ಚಿಸಿ ಒಮ್ಮೆ ತಗ್ಗಿಸಿ 14.7ರ ಆಸುಪಾಸಿನಲ್ಲಿ ತೂಗುತ್ತಿರುತ್ತದೆ. ನಿಂತಾಗ, ಸಮ ವೇಗದಲ್ಲಿ ಓಡುವಾಗ ಈ ತೂಗಾಟ ನಡೆಯುತ್ತಲೇ ಇರುತ್ತದೆ. ಥ್ರಾಟಲ್ ಪೂರ್ತಿ ತಿರುಚಿದಾಗ ಮಾತ್ರ ಇ.ಸಿ.ಯು ಸೆನ್ಸರಿನ ಮಾತು ಬದಿಗಿಟ್ಟು ತನ್ನಲ್ಲಿ ಮೊದಲೇ ಬರೆದಿಟ್ಟ ಪಟ್ಟಿಯ ಪ್ರಕಾರ ಹೆಚ್ಚು ಪೆಟ್ರೋಲ್ ಕೊಡುತ್ತದೆ.

ಕಬ್ಬಿನಿಂದ ಬಂದ ಇನ್ನೊಂದು ತಿರುವು

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥೆನಾಲ್ ಬೆರೆತಿರುತ್ತದೆ. ಕಬ್ಬಿನ ಹಾಲು ಮತ್ತು ಕಾಕಂಬಿ ಅದರ ಮೂಲಗಳಲ್ಲಿ ಸೇರಿವೆ ಎಂದು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡು ಬರುವ ಇಂಧನ. ಹಾಗಾಗಿ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು: ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇಪ್ಪತ್ತರ ಮಿಶ್ರಣಕ್ಕೆ ಸುಮಾರು 13.5. ಮೊದಲಿನಷ್ಟೇ ಗಾಳಿ, ಮೊದಲಿನಷ್ಟೇ ಇಂಧನ ಕೊಟ್ಟರೆ ಮಿಶ್ರಣ ತಾನಾಗಿಯೇ ಲೀನ್ ಆಗುತ್ತದೆ.

ಸೆನ್ಸರ್ ಇರುವ ಹೊಸ ಬೈಕು ಇದನ್ನು ಮೂಸಿ ನೋಡಿ ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರ್ ಇರುವ ಹಳೆಯ ಬೈಕಿಗೆ ಆ ಮೂಗಿಲ್ಲ. ಪೆಟ್ರೋಲ್ ಹಾಯುವ ಸಣ್ಣ ನಳಿಕೆಯಾದ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಪೆಟ್ರೋಲ್. ‘ಮೊದಲು ಹೀಗೆ ಕಾಯುತ್ತಿರಲಿಲ್ಲ, ಈಚೆಗೆ ಕಾಯುತ್ತಿದೆ’ ಎನ್ನುವ ಹಳೆಯ ಬೈಕಿನವರು ಮೊದಲು ಜೆಟ್ ಒಂದು ಅಳತೆ ದೊಡ್ಡದು ಹಾಕಿಸಿ ನೋಡಬೇಕೆಂದು ತಿಳಿದ ಮೆಕ್ಯಾನಿಕ್ ಹೇಳುವುದು ಇದಕ್ಕೆ.

ಕಾಲಡಿಯ ಕುಲುಮೆ

ಬಿ.ಎಸ್.6 ಬೈಕಿನ ಪೈಪಿನಲ್ಲಿ ಸೆನ್ಸರ್ ಒಂದೇ ಅಲ್ಲ, ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಇನ್ನೊಂದು ಅಂಗವಿದೆ. ಗ್ಯಾರೇಜಿನ ಭಾಷೆಯಲ್ಲಿ ‘ಕ್ಯಾಟ್’. ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಿಂಡಿಗಳಿರುವ ಗಟ್ಟಿ. ಕಿಂಡಿಯ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಅರೆಬೆಂದ ಹೊಗೆ ಇದರೊಳಗೆ ಹಾಯುವಾಗ ವಿಷದ ಕಾರ್ಬನ್ ಮೊನಾಕ್ಸೈಡ್, ಉರಿಯದ ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡ್‌ಗಳು ಕಾರ್ಬನ್ ಡೈಆಕ್ಸೈಡ್, ನೀರಿನ ಆವಿ, ನೈಟ್ರೋಜನ್ ಆಗಿ ಬದಲಾಗುತ್ತವೆ.

ಇದು ಕೆಲಸ ಶುರುಮಾಡುವುದೇ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವು ಏರಿದ ಮೇಲೆ. ಆದಷ್ಟು ಬೇಗ ಕಾಯಲಿ ಎಂದು ಅದನ್ನು ಎಂಜಿನ್ನಿಗೆ ಹತ್ತಿರದಲ್ಲಿ, ಎಷ್ಟೋ ಬೈಕುಗಳಲ್ಲಿ ಬೆಂಡ್ ಪೈಪಿನಲ್ಲೇ ಅಥವಾ ಎಂಜಿನ್ನಿನ ಹೊಟ್ಟೆಯ ಕೆಳಗೆ ಇಡುತ್ತಾರೆ. ಹೊಗೆಯಲ್ಲಿ ಉಳಿದದ್ದನ್ನು ಸುಡುವುದರಿಂದ ಅದು ತಾನೂ ಒಂದಿಷ್ಟು ಕಾವು ಹುಟ್ಟಿಸುತ್ತದೆ. ಬಿ.ಎಸ್.4 ಕಾಲದ ಬೈಕಿನಿಂದ ಹೊಸದಕ್ಕೆ ಬಂದವರಿಗೆ ‘ಇದು ಜಾಸ್ತಿ ಬಿಸಿ’ ಎನಿಸುವುದರಲ್ಲಿ ಭ್ರಮೆಯೇನಿಲ್ಲ.

ಈ ಕ್ಯಾಟ್ ಸರಿಯಾಗಿ ಕೆಲಸ ಮಾಡುವುದು ಮಿಶ್ರಣ ಸಮತೋಲದಲ್ಲಿದ್ದಾಗ ಮಾತ್ರ. ರಿಚ್ ಆದರೆ ಕಾರ್ಬನ್ ಮೊನಾಕ್ಸೈಡ್ ಉಳಿಯುತ್ತದೆ, ಲೀನ್ ಆದರೆ ನೈಟ್ರೋಜನ್ ಆಕ್ಸೈಡ್ ಉಳಿಯುತ್ತದೆ. ಕಂಪನಿಯವರು ತಣ್ಣನೆಯ ರಿಚ್ ಮಿಶ್ರಣ ಇಡದಿರುವುದಕ್ಕೆ ನಿಜವಾದ ಕಾರಣ ಇದು, ಜಿಪುಣತನವಲ್ಲ.

ಸೈಲೆನ್ಸರ್ ಬದಲಿಸಿದರೆ ಏನು ಬದಲಾಗುತ್ತದೆ

ಸೈಲೆನ್ಸರ್ ವಿಷಯದಲ್ಲಿ ಮೈಸೂರಿಗೆ ಹಳೆಯ ನಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳಿಗೆ ಒಂದೇ ಸಿಲಿಂಡರಿದ್ದರೂ ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿದು ಒಳಗೆಲ್ಲ ಮಸಿ ಕಟ್ಟುತ್ತಿತ್ತು. ಒಳಗಿನ ಜಾಲರಿ ಕೊಳವೆಯನ್ನು ಎಳೆದು ತೆಗೆದು, ಬೆಂಕಿಯಲ್ಲಿ ಸುಟ್ಟು, ಕುಟ್ಟಿ ಮಸಿ ಉದುರಿಸಿ ಮತ್ತೆ ತೂರಿಸುವುದು ಆ ಕಾಲದ ಗ್ಯಾರೇಜುಗಳಲ್ಲಿ ನಿತ್ಯದ ಕೆಲಸ. ಮಸಿ ಕಟ್ಟಿದ ಬೈಕು ಕಾಯುತ್ತಿತ್ತು, ಸುಟ್ಟ ಮೇಲೆ ಹಗುರಾಗುತ್ತಿತ್ತು. ಸೈಲೆನ್ಸರ್ ಖಾಲಿಯಾದಷ್ಟೂ ಎಂಜಿನ್ ತಂಪು ಎಂಬ ನಂಬಿಕೆ ಊರಿನಲ್ಲಿ ಬೇರೂರಿದ್ದರೆ ಅದಕ್ಕೆ ಆ ಕಾಲದ ಅನುಭವವೂ ಕಾರಣವಿರಬೇಕೆಂದು ನನ್ನ ಗುಮಾನಿ. ಆದರೆ ಮಸಿ ಕಟ್ಟಿಕೊಂಡ ಸೈಲೆನ್ಸರ್ ಬೇರೆ, ಲೆಕ್ಕ ಹಾಕಿ ತಯಾರಿಸಿದ ಸೈಲೆನ್ಸರ್ ಬೇರೆ.

ಇಂದಿನ ಫೋರ್ ಸ್ಟ್ರೋಕ್ ಬೈಕಿಗೆ ಮಾರುಕಟ್ಟೆಯಲ್ಲಿ ಎರಡು ಬಗೆಯ ಬದಲಿ ಸಿಗುತ್ತದೆ. ‘ಸ್ಲಿಪ್ ಆನ್’ ಎಂದರೆ ಹಿಂದಿನ ಡಬ್ಬಿಯನ್ನಷ್ಟೇ ಬದಲಿಸುವುದು. ‘ಫುಲ್ ಸಿಸ್ಟಮ್’ ಎಂದರೆ ಎಂಜಿನ್ನಿನ ಬಾಯಿಯಿಂದ ಬೆಂಡ್ ಪೈಪ್ ಸಮೇತ ಎಲ್ಲವನ್ನೂ.

ನಾನು ಮೋಸಹೋದದ್ದು ಮೊದಲನೆಯದರಲ್ಲಿ. ನಾನೂರು ಸಿಸಿ ಆಸುಪಾಸಿನ ನನ್ನ ಬೈಕಿಗೆ ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಸ್ಲಿಪ್ ಆನ್ ಹಾಕಿಸಿದೆ. ಅಂಗಡಿಯವನ ಮಾತಿನ ಪ್ರಕಾರ ಬಿಸಿ ‘ಅರ್ಧಕ್ಕರ್ಧ’ ಇಳಿಯಬೇಕಿತ್ತು. ಗುಂಡ್ಲುಪೇಟೆವರೆಗೆ ಹೋಗಿ ಬಂದೆ. ಸದ್ದು ಜೋರಾಯಿತು, ಥ್ರಾಟಲ್ ಬಿಟ್ಟಾಗಲೆಲ್ಲ ಹಿಂದಿನಿಂದ ಪಟಪಟನೆ ಸಿಡಿಯಿತು, ಕಾಲು ಹಾಗೆಯೇ ಬೆಂದಿತು. ಮನೆಗೆ ಬಂದು ಬೈಕ್ ನಿಲ್ಲಿಸಿ, ದೋಸೆ ಕಾವಲಿಗೆ ಚಿಮುಕಿಸುವಂತೆ ಬೆರಳಿನಿಂದ ನೀರು ಚಿಮುಕಿಸಿ ನೋಡಿದೆ. ಹಿಂದಿನ ಹೊಸ ಡಬ್ಬಿಯ ಮೇಲೆ ಹನಿ ಸುಯ್ ಎಂದು ಒಣಗಿತು. ಬೆಂಡ್ ಪೈಪಿನ ಮೇಲೆ ಬಿದ್ದ ಹನಿ ಒಣಗಲೂ ಇಲ್ಲ, ಪಾದರಸದ ಗುಂಡಿನ ಹಾಗೆ ಉರುಳಾಡಿ ಕೆಳಗೆ ಜಾರಿತು. ಹನಿ ತನ್ನದೇ ಆವಿಯ ಮೇಲೆ ಹೀಗೆ ತೇಲಬೇಕಾದರೆ ಲೋಹ ಇನ್ನೂರು ಡಿಗ್ರಿಯ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇರಬೇಕು. ಕಾಲನ್ನು ಸುಡುತ್ತಿದ್ದದ್ದು ಮುಂದಿನ ಪೈಪು ಮತ್ತು ಅದರೊಳಗಿನ ಕ್ಯಾಟ್. ನಾನು ದುಡ್ಡು ಕೊಟ್ಟು ಬದಲಿಸಿದ್ದು ಅದಕ್ಕೆ ಮೂರಡಿ ಹಿಂದಿನ ಡಬ್ಬಿ.

ಆ ಪಟಪಟ ಸದ್ದಿಗೂ ಕಾರಣವಿದೆ. ಥ್ರಾಟಲ್ ಬಿಟ್ಟಾಗ ಉರಿಯದೆ ಉಳಿದ ಅಲ್ಪ ಪೆಟ್ರೋಲ್ ಆವಿ ಪೈಪಿಗೆ ಬರುತ್ತದೆ. ಜೋಡಣೆಯ ಸಂದಿನಿಂದಲೋ ಡಬ್ಬಿಯ ತೆರೆದ ಬಾಯಿಯಿಂದಲೋ ಹೊರಗಿನ ಗಾಳಿ ಸೇರಿದರೆ ಬಿಸಿ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ. ಕೆಲವರಿಗೆ ಇದು ಸಂಗೀತ. ಅದು ಪೈಪಿನೊಳಗಿನ ಬೆಂಕಿ ಎಂಬುದು ಮರೆಯಬಾರದಷ್ಟೆ.

ಫುಲ್ ಸಿಸ್ಟಮ್ ಹಾಕಿಸಿದರೆ ಕಾಲಿನ ಬಳಿಯ ಬಿಸಿ ನಿಜವಾಗಿಯೂ ಇಳಿಯುತ್ತದೆ, ಏಕೆಂದರೆ ಮಾರುಕಟ್ಟೆಯ ಹೆಚ್ಚಿನ ಫುಲ್ ಸಿಸ್ಟಮ್‌ಗಳಲ್ಲಿ ಕ್ಯಾಟ್ ಇರುವುದಿಲ್ಲ. ಆದರೆ ಹೊಗೆ ಸರಾಗವಾಗಿ ಹೊರಹೋದಷ್ಟೂ ಎಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ಲೀನ್. ಸಮ ವೇಗದಲ್ಲಿ ಸೆನ್ಸರ್ ಸರಿಪಡಿಸುತ್ತದೆ. ಘಾಟಿ ಹತ್ತುವಾಗ ಥ್ರಾಟಲ್ ಪೂರ್ತಿ ತಿರುಚಿದರೆ ಇ.ಸಿ.ಯು ಹಳೆಯ ಪಟ್ಟಿಯನ್ನೇ ಓದುತ್ತದೆ, ಆ ಪಟ್ಟಿ ಹಳೆಯ ಪೈಪಿಗೆ ಬರೆದದ್ದು. ಟ್ಯೂನಿಂಗ್ ಇಲ್ಲದೆ ಪೈಪ್ ಮಾತ್ರ ಬದಲಿಸಿದ ಬೈಕು ಚಾಮುಂಡಿ ಬೆಟ್ಟ ಹತ್ತುವಾಗ ಮೊದಲಿಗಿಂತ ಹೆಚ್ಚು ಕಾಯುವ ಸಾಧ್ಯತೆ ಇರುವುದು ಇದರಿಂದ.

ಟ್ಯೂನಿಂಗ್ ಎಂದರೆ ಪಟ್ಟಿ ತಿದ್ದುವುದು

ಇ.ಸಿ.ಯು ಒಳಗೆ ಒಂದು ಮಗ್ಗಿ ಪುಸ್ತಕ ಇದೆ ಎಂದುಕೊಳ್ಳಿ. ಒಂದು ಕಡೆ ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಇನ್ನೊಂದು ಕಡೆ ಥ್ರಾಟಲ್ ಎಷ್ಟು ತೆರೆದಿದೆ. ಎರಡೂ ಸೇರುವ ಮನೆಯಲ್ಲಿ ‘ಇಷ್ಟು ಪೆಟ್ರೋಲ್’ ಎಂದು ಬರೆದಿದೆ. ಟ್ಯೂನಿಂಗ್ ಎಂದರೆ ಈ ಅಂಕಿಗಳನ್ನು ತಿದ್ದುವುದು. ಹೇಗೆ ತಿದ್ದುತ್ತಾರೆ ಎನ್ನುವುದರ ಮೇಲೆ ಬೆಲೆಯೂ ಫಲವೂ ಬೇರೆ.

ಎಲ್ಲಕ್ಕಿಂತ ಅಗ್ಗದ್ದು ಸೆನ್ಸರಿಗೆ ಸುಳ್ಳು ಹೇಳಿಸುವ ಪ್ಲಗ್. ಒಳಬರುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ತಂತಿಗೆ ಒಂದು ಪುಟ್ಟ ಸಾಧನ ಸೇರಿಸಿದರೆ ಮಂಡ್ಯದ ಬಿಸಿಲಿನಲ್ಲೂ ಇ.ಸಿ.ಯುಗೆ ‘ಹೊರಗೆ ಮಡಿಕೇರಿಯ ಚಳಿ’ ಎಂಬ ಸುದ್ದಿ ಹೋಗುತ್ತದೆ. ತಣ್ಣನೆಯ ಗಾಳಿ ದಟ್ಟ, ಆದ್ದರಿಂದ ಹೆಚ್ಚು ಪೆಟ್ರೋಲ್ ಬೇಕೆಂದು ಅದು ಹೆಚ್ಚು ಸುರಿಯುತ್ತದೆ. ಉಪಾಯ ಜಾಣತನದ್ದೇ. ಆದರೆ ಪೈಪಿನಲ್ಲಿರುವ ಆಮ್ಲಜನಕ ಸೆನ್ಸರ್ ‘ರಿಚ್ ಆಯಿತು’ ಎಂದು ಕೂಗಿ ಸಮ ವೇಗದ ಓಟದಲ್ಲಿ ಆ ಹೆಚ್ಚುವರಿಯನ್ನು ಮತ್ತೆ ತೆಗೆಸಿಬಿಡುತ್ತದೆ. ಉಳಿಯುವುದು ಥ್ರಾಟಲ್ ತಿರುಚುವ ಗಳಿಗೆಯ ಲಾಭ ಮಾತ್ರ.

ಅದರ ಮೇಲಿನದು ‘ಪಿಗ್ಗಿಬ್ಯಾಕ್’ ಪೆಟ್ಟಿಗೆ. ಇ.ಸಿ.ಯುಗೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೂ ನಡುವೆ ಕೂತು, ಹೋಗುವ ಆದೇಶವನ್ನು ದಾರಿಯಲ್ಲಿ ತಿದ್ದುತ್ತದೆ. ಬೇಡವೆಂದರೆ ಬಿಚ್ಚಿಡಬಹುದು. ಮೂರನೆಯದು ‘ರಿಮ್ಯಾಪ್’: ಇ.ಸಿ.ಯು ಒಳಗಿನ ಪಟ್ಟಿಯನ್ನೇ ಅಳಿಸಿ ಹೊಸದು ಬರೆಯುವುದು. ಎಲ್ಲಕ್ಕಿಂತ ಪರಿಣಾಮಕಾರಿ, ಎಲ್ಲಕ್ಕಿಂತ ಅಪಾಯದ್ದೂ ಹೌದು, ಏಕೆಂದರೆ ಬರೆಯುವವನ ಕೈ ಎಷ್ಟು ಪಳಗಿದೆಯೋ ಬೈಕು ಅಷ್ಟೇ ಚೆನ್ನಾಗಿರುತ್ತದೆ.

ಪೆಟ್ರೋಲಿನಷ್ಟೇ ಮುಖ್ಯವಾದ, ಆದರೆ ಯಾರೂ ಮಾತಾಡದ ಇನ್ನೊಂದು ಅಂಕಿ ಈ ಪಟ್ಟಿಗಳಲ್ಲಿದೆ: ಪ್ಲಗ್ ಕಿಡಿ ಹಾರಿಸುವ ಗಳಿಗೆ. ಕಿಡಿ ತಡವಾದರೆ ಉರಿಯೂ ತಡ, ಕಾವೆಲ್ಲ ಪೈಪಿಗೆ. ಕ್ಯಾಟ್ ಬೇಗ ಕಾಯಲೆಂದು ಕೆಲವು ಬೈಕುಗಳಲ್ಲಿ ಸ್ಟಾರ್ಟ್ ಆದ ಹೊಸತರಲ್ಲಿ ಕಿಡಿಯನ್ನು ಬೇಕೆಂದೇ ತಡ ಮಾಡಿರುತ್ತಾರೆ. ಒಳ್ಳೆಯ ಟ್ಯೂನರ್ ಕಿಡಿಯನ್ನು ಸ್ವಲ್ಪ ಮುಂಚಿತಗೊಳಿಸಿ ಕಾವನ್ನು ಪಿಸ್ಟನ್ ತಳ್ಳುವ ಕೆಲಸಕ್ಕೆ ತಿರುಗಿಸುತ್ತಾನೆ. ಅತಿಯಾದರೆ ಎಂಜಿನ್ ಒಳಗೆ ಯಾರೋ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿರುವಂತೆ ಟಕಟಕ ಸದ್ದು ಬರುತ್ತದೆ. ಅದು ನಾಕಿಂಗ್, ಪಿಸ್ಟನ್ನಿಗೆ ಗಂಡಾಂತರ.

ಟ್ಯೂನಿಂಗಿನಿಂದ ಏನು ಸಿಗುತ್ತದೆ? ಸಮ ವೇಗದಲ್ಲಿ ಮಿಶ್ರಣವನ್ನು (ಶುದ್ಧ ಪೆಟ್ರೋಲಿನ ಲೆಕ್ಕದಲ್ಲಿ) 14.7ರಿಂದ 13.8ರ ಕಡೆಗೆ ತಂದರೆ ಬೆಂಡ್ ಪೈಪಿನ ಕಾವು ಇಳಿಯುತ್ತದೆ, ಕಡಿಮೆ ವೇಗದ ಜಗ್ಗಾಟ ತಗ್ಗುತ್ತದೆ. ಮೈಲೇಜ್ ಇಳಿಯುತ್ತದೆ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಇಷ್ಟರಿಂದ ರೇಡಿಯೇಟರಿನ ಗಾಳಿ ತಣ್ಣಗಾಗುವುದಿಲ್ಲ. ಸಿಗ್ನಲ್‌ನಲ್ಲಿ ತೊಡೆ ಸುಡುವವರಿಗೆ ಇದರಿಂದ ಅಂಥ ಉಪಕಾರವಿಲ್ಲ.

ದೊಡ್ಡ ಕಂಪನಿಗಳೇ ಈ ಸಮಸ್ಯೆಯನ್ನು ಹೇಗೆ ನೋಡಿವೆ ಎನ್ನಲು ಒಂದು ಉದಾಹರಣೆ: ಹಾರ್ಲೆ ಡೇವಿಡ್ಸನ್‌ನ ದೊಡ್ಡ ಟೂರಿಂಗ್ ಬೈಕುಗಳಲ್ಲಿ ಎರಡು ಸಿಲಿಂಡರಿನಲ್ಲಿ ಹಿಂದಿನದು ಸವಾರನ ತೊಡೆಯ ಕೆಳಗೇ ಬರುತ್ತದೆ. ಎಂಜಿನ್ ಅತಿಯಾಗಿ ಕಾದು ನಿಂತಿರುವಾಗ ಆ ಹಿಂದಿನ ಸಿಲಿಂಡರಿಗೆ ಪೆಟ್ರೋಲನ್ನೇ ನಿಲ್ಲಿಸುವ ವ್ಯವಸ್ಥೆ ಅವುಗಳಲ್ಲಿದೆ. ಉರಿಯೇ ಇಲ್ಲದಿದ್ದರೆ ಕಾವೆಲ್ಲಿಂದ?

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ 182ಎ(4) ಸೆಕ್ಷನ್ ಅಡಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190(2) ಸೆಕ್ಷನ್: 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಡಿ.ಎಲ್. ಅನರ್ಹ. ಕ್ಯಾಟ್ ಇಲ್ಲದ ಫುಲ್ ಸಿಸ್ಟಮ್ ಈ ಎರಡಕ್ಕೂ ಸಿಗುತ್ತದೆ. ಜಪ್ತಿ ಮಾಡಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ದೃಶ್ಯ ರಾಜ್ಯದ ಹಲವು ಊರುಗಳಲ್ಲಿ ಕಂಡಿದ್ದೇವೆ. ಕಂಪನಿಯ ವಾರಂಟಿ ಕೈಬಿಡುವುದು ಇದರ ಮೇಲಿನ ಮಾತು.

ಪೈಪ್ ಮುಟ್ಟುವ ಮೊದಲು

ನನ್ನ ಬೈಕಿನ ಬಿಸಿ ಕೊನೆಗೂ ಇಳಿದದ್ದು ಮಂಡ್ಯದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ, ಅದೂ ಯಾವ ಹೊಸ ಸೈಲೆನ್ಸರೂ ಇಲ್ಲದೆ. ಅವರು ಮೊದಲು ಪ್ಲಗ್ ಬಿಚ್ಚಿ ಕನ್ನಡಕ ಏರಿಸಿ ನೋಡಿದರು. ಪಿಂಗಾಣಿಯ ತುದಿ ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಮಿಶ್ರಣ ಸರಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಲೀನ್, ಕಾಡಿಗೆಯಂತಿದ್ದರೆ ರಿಚ್. ನನ್ನದು ಬಿಸ್ಕತ್ತು. ‘ಪೆಟ್ರೋಲಿನ ತೊಂದರೆ ಇಲ್ಲ ಸಾರ್’ ಎಂದು ಟಾರ್ಚ್ ಹಿಡಿದು ರೇಡಿಯೇಟರ್ ಕಡೆ ಬಗ್ಗಿದರು. ಅದರ ಕೆಳಗಿನ ಮೂರನೇ ಒಂದು ಭಾಗ ಕೆಸರು ಒಣಗಿ ಗೋಡೆಯಾಗಿತ್ತು. ಕಬ್ಬಿನ ಗಾಡಿಗಳು ಓಡಾಡುವ ಸರ್ವಿಸ್ ರಸ್ತೆಯ ಕೊಡುಗೆ. ಜೋರಾಗಿ ನೀರು ಬಿಟ್ಟರೆ ರೇಡಿಯೇಟರಿನ ತೆಳ್ಳನೆಯ ತಗಡಿನ ಎಸಳುಗಳು ಮಡಚಿಕೊಂಡು ದಾರಿ ಇನ್ನಷ್ಟು ಮುಚ್ಚುತ್ತದೆಂದು, ಹಿಂಬದಿಯಿಂದ ಸಣ್ಣ ಧಾರೆಯಲ್ಲಿ ಅರ್ಧ ಗಂಟೆ ತೊಳೆದರು.

ಕೂಲೆಂಟ್ ಹಳೆಯದಾಗಿದ್ದರೆ ಬದಲಿಸುವುದು, ಎಂಜಿನ್ ಆಯಿಲ್ ಕಂಪನಿ ಹೇಳಿದ ದರ್ಜೆಯದು ಹೇಳಿದ ಮಟ್ಟದವರೆಗೆ ಇರುವುದು, ವಾಲ್ವಿನ ಸಂದು ಅಳತೆಗೆ ಸರಿ ಇರುವುದು, ಬ್ರೇಕ್ ಉಜ್ಜದಿರುವುದು ಇವೆಲ್ಲ ಆಮೇಲೆ. ಗಾಳಿಯಿಂದಲೇ ತಣಿಯುವ ಎಂಜಿನ್ ಆದರೆ ಅದರ ಪಕಳೆಗಳ ನಡುವಿನ ಮಣ್ಣು ಕೆರೆಯುವುದೇ ಅರ್ಧ ಚಿಕಿತ್ಸೆ. ಬೆಂಡ್ ಪೈಪ್ ಎಂಜಿನ್ನಿಗೆ ಸೇರುವಲ್ಲಿನ ವಾಷರ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರಿಗೆ ತಪ್ಪು ಸುದ್ದಿ ಹೋಗುತ್ತದೆ. ಕಡಿಮೆ ಬೆಲೆಯ ಒಂದು ವಾಷರ್ ಇಡೀ ಪಟ್ಟಿಯನ್ನು ಗೊಂದಲಕ್ಕೆ ಕೆಡವಬಲ್ಲುದು.

ಪೈಪಿನ ಕಾವು ಕಾಲಿಗೆ ಬಾರದಂತೆ ತಡೆಯುವುದು ಬೇರೆಯೇ ದಾರಿ, ನನ್ನ ಮಟ್ಟಿಗೆ ಹೆಚ್ಚು ಬುದ್ಧಿವಂತಿಕೆಯ ದಾರಿ. ಪೈಪಿನಿಂದ ಬೆರಳಗಲ ದೂರದಲ್ಲಿ ತಗಡಿನ ಮುಚ್ಚಿಗೆ ಕೂರಿಸಿದರೆ ನಡುವಿನ ಗಾಳಿಯೇ ಪರದೆಯಾಗುತ್ತದೆ. ಪೈಪಿಗೆ ಸೆರಾಮಿಕ್ ಲೇಪನ ಮಾಡಿಸುವುದು ದುಬಾರಿಯಾದರೂ ಬಾಳಿಕೆಯದು. ನಾರಿನ ಪಟ್ಟಿ ಸುತ್ತುವುದು ನೋಡಲು ಚೆಂದ, ಕಾವನ್ನೂ ತಡೆಯುತ್ತದೆ. ಆದರೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ಸಾಮಾನ್ಯ ಉಕ್ಕಿನ ಪೈಪನ್ನು ಒಳಗೊಳಗೇ ತುಕ್ಕು ತಿನ್ನಿಸುತ್ತದೆ. ಕಬಿನಿ ಕಡೆ, ಕೊಡಗಿನ ಕಡೆ ಮಳೆಯಲ್ಲಿ ಸುತ್ತುವವರಿಗೆ ಇದು ಬೇಡ.

ಒಂದು ನಿಮಿಷಕ್ಕಿಂತ ಹೆಚ್ಚಿನ ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸುವುದಕ್ಕೆ ಕಾಸು ಬೇಡ. ಎಕ್ಸ್‌ಪ್ರೆಸ್‌ವೇ ಬಂದು ಮುಗಿಯುವ ಮೈಸೂರಿನ ಮಣಿಪಾಲ್ ಆಸ್ಪತ್ರೆ ಜಂಕ್ಷನ್‌ನಲ್ಲಿ ಇದನ್ನು ಒಮ್ಮೆ ಮಾಡಿ ನೋಡಿ.

ಆದರೂ ಟ್ಯೂನಿಂಗ್ ಮಾಡಿಸುವುದಿದ್ದರೆ

ವರ್ಕ್‌ಶಾಪ್‌ನವರಿಗೆ ಕೆಲವು ಪ್ರಶ್ನೆ ಕೇಳಿ. ನನ್ನ ಬೈಕಿನಲ್ಲಿ ಕ್ಯಾಟ್ ಎಲ್ಲಿದೆ? ಕೊಡುವ ಪೈಪಿನಲ್ಲಿ ಅದು ಇರುತ್ತದೆಯೇ? ಬೈಕನ್ನು ಉರುಳೆಯ ಮೇಲೆ ಓಡಿಸಿ ಅಳೆಯುವ ಡೈನೊ ಯಂತ್ರ ಇದೆಯೇ, ಗಾಳಿ–ಪೆಟ್ರೋಲಿನ ಪ್ರಮಾಣವನ್ನು ಅಂಕಿಯಲ್ಲೇ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕುತ್ತೀರಾ? ತಿದ್ದುವ ಮೊದಲಿನ ಮತ್ತು ನಂತರದ ಅಂಕಿಗಳನ್ನು ಕಾಗದದ ಮೇಲೆ ಕೊಡುತ್ತೀರಾ? ಇ.ಸಿ.ಯುನ ಮೂಲ ಪಟ್ಟಿಯ ಪ್ರತಿಯನ್ನು ಉಳಿಸಿಕೊಡುತ್ತೀರಾ? ‘ಕಿವಿಯಿಂದಲೇ ಗೊತ್ತಾಗುತ್ತದೆ ಸಾರ್’ ಎಂಬ ಉತ್ತರ ಕಾರ್ಬುರೇಟರ್ ಕಾಲಕ್ಕೆ ಸರಿಯಿತ್ತು.

ಬಿಚ್ಚಿದ ಹಳೆಯ ಸೈಲೆನ್ಸರನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ; ಕ್ಯಾಟ್‌ನೊಳಗಿನ ಪ್ಲಾಟಿನಂ, ರೋಡಿಯಂಗೆ ಗುಜರಿಯಲ್ಲಿ ಬೆಲೆಯಿದೆ ಎಂದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ನನ್ನದು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿತ್ತು. ಆ ಸ್ಲಿಪ್ ಆನ್ ಬಿಚ್ಚಿದ ದಿನ ಕೆಳಗಿಳಿಸಿ ಧೂಳು ಒರೆಸಿ ಮತ್ತೆ ಹಾಕಿಸಿದೆ. ಈಗ ಗೋಣಿಚೀಲದಲ್ಲಿರುವುದು ಸ್ಲಿಪ್ ಆನ್.